ದಿಣ್ಣೆಯ ಆಚೆ ಮನೆಯಿತ್ತು

ನವೆಂಬರಿನ ಮೊದಲ ಹಿಮ ಬಿದ್ದ ಬೆಳಿಗ್ಗೆ, ವಿಸ್ಕಾನ್ಸಿನ್ನಿನ ತನ್ನ ಜೋಳದ ಹೊಲದಂಚಿನಲ್ಲಿ ಬೇಟೆಗೆಂದು ಕೂತಿದ್ದ ವರ್ನನ್ ಸ್ಕೋಗ್‌ನ ಕಣ್ಣಿಗೆ ಆ ಗಂಡು ಜಿಂಕೆ ಬಿತ್ತು. ದಿಣ್ಣೆಯ ನೆತ್ತಿಯ ಮೇಲೆ ಕವಲುಗೊಂಬು ಎತ್ತಿಕೊಂಡು ನಿಂತಿತ್ತು. ಅಂಥದ್ದನ್ನು ಅವನು ವರ್ಷಗಳಿಂದ ಕಂಡಿರಲಿಲ್ಲ. ಕೈ ತಡೆಯಲಿಲ್ಲ, ರೈಫಲ್ ಎತ್ತಿ ಹೊಡೆದೇಬಿಟ್ಟ. ಗುರಿ ತಪ್ಪಿತು. ಜಿಂಕೆ ಒಂದೇ ನೆಗೆತಕ್ಕೆ ಮಾಯವಾಗಿ, ಅದು ನಿಂತಿದ್ದಲ್ಲಿ ಬರೀ ಆಕಾಶ ಉಳಿಯಿತು.

ಆಗಷ್ಟೇ ಅವನಿಗೆ ತನ್ನದೇ ಪಾಠ ನೆನಪಾಯಿತು. ಊರಿನ ಮಕ್ಕಳಿಗೆಲ್ಲ ಚರ್ಚಿನ ನೆಲಮಾಳಿಗೆಯಲ್ಲಿ ಬಂದೂಕಿನ ಪಾಠ ಹೇಳುತ್ತಿದ್ದವನು ಅವನೇ. "ಜಿಂಕೆ ಆಮೇಲೆ ನೋಡಿ, ಮೊದ್ಲು ಅದರ ಹಿಂದೆ ಏನಿದೆ ನೋಡಿ. ಗುಂಡು ಹೋಗಿ ಹೂತ್ಕೊಳ್ಳೋಕೆ ಮಣ್ಣಿಲ್ಲ ಅಂದ್ರೆ ಹೊಡೀಬೇಡಿ" ಎಂದು ಪ್ರತಿವರ್ಷ ಹೇಳಿಕೊಟ್ಟಿದ್ದ. ದಿಣ್ಣೆಯ ಆಚೆ ಐಲೀನ್ ಮತ್ತು ಅವಳ ಗಂಡ ಮರ್ಲ್ ವಾಸವಿದ್ದರು.

ಗುಂಡು ತೆಗೆದ ರೈಫಲನ್ನು ಹೆಗಲಿಗೇರಿಸಿಕೊಂಡು ಅವರ ಮನೆಗೆ ಓಡಿದ. ಐಲೀನ್ ಬಾಗಿಲಲ್ಲೇ ನಿಂತಿದ್ದಳು.

"ಒಳ್ಳೇ ಹೊತ್ತಿಗೆ ಬಂದೆ, ವರ್ನ್. ಬಾ, ನೋಡಿಲ್ಲಿ."

ಬಟ್ಟೆ ಒಗೆಯುವ ಕೋಣೆಯ ಗೋಡೆ ತೂತಾಗಿತ್ತು. ಗುಂಡು ಎದುರಿನ ಕಪಾಟಿನಲ್ಲಿ ಸಿಕ್ಕಿಕೊಂಡಿತ್ತು.

"ಇಲ್ಲೇ ಕೂತು ಇವರ ಅಂಗಿ ಮಡಿಸ್ತಿದ್ದೆ. ಫೋನ್ ಬಂತು ಅಂತ ಎದ್ದೆ ನೋಡು" ಎಂದಳು.

"ಕೆರೆ ಹತ್ರ ಬಿಡಾರ ಹೂಡಿದಾರಲ್ಲ, ಆ ಪಟ್ಟಣದೋರದ್ದೇ ಕೆಲ್ಸ" ಎಂದ ಮರ್ಲ್. "ಬೇಟೆ ಇಲಾಖೆ ವಾರ್ಡನ್‌ಗೆ ಹೇಳಿದೀನಿ. ಸೀದಾ ಅಲ್ಲಿಗೇ ಹೋಗ್ತಾಳಂತೆ. ನಿನ್ ಹತ್ರ ಕಲಿತೋರು ಹಿಂಗ್ ಮಾಡ್ತಾರಾ?"

ವರ್ನನ್ ಬಾಯಿ ತೆರೆದ. ಅಷ್ಟರಲ್ಲಿ ಐಲೀನ್ ಬಿಸಿ ಕಾಫಿಯ ಲೋಟವನ್ನು ಕೈಗಿಟ್ಟಳು. ಅವನು ಕೂತ. ಕುಡಿದ. "ಹೌದು, ಪಟ್ಟಣದೋರು..." ಎಂದು ಗೊಣಗಿದ ಕೂಡ. ಆ ಮಾತು ತನ್ನ ಬಾಯಿಂದಲೇ ಬಂದದ್ದು ಕೇಳಿಸಿದಾಗ ಅವನಿಗೆ ತಲೆ ಎತ್ತಲಾಗಲಿಲ್ಲ.

"ವಾರ್ಡನ್‌ನ ಇಲ್ಲಿಗೆ ಕರಿ, ಮರ್ಲ್. ಅವರ್ಯಾರೂ ಅಲ್ಲ. ಹೊಡೆದೋನು ನಾನು."

ಐಲೀನ್ ಖಾಲಿ ಲೋಟ ನೋಡಿ ಮೆಲ್ಲಗೆ, "ಕಾಫಿ ಕುಡಿದು ಮುಗಿಸಿ ಹೇಳಿದ್ಯಲ್ಲ, ವರ್ನ್" ಎಂದಳು.

ವಾರ್ಡನ್ ಬಂದಳು. ಅವಳೂ ಒಂದು ಕಾಲದಲ್ಲಿ ಅವನ ಪಾಠ ಕೇಳಿದವಳೇ.

"ಜಿಂಕೆ ಹಿಂದೆ ಏನಿತ್ತು, ಮಿಸ್ಟರ್ ಸ್ಕೋಗ್?"

"ಏನೂ ಇರ್ಲಿಲ್ಲ. ಬರೀ ಆಕಾಶ."

ಅವಳು ಅವನ ಮುಖ ನೋಡದೆ ಬರೆದುಕೊಂಡು, ರೈಫಲ್ ತೆಗೆದುಕೊಂಡು ಹೋದಳು. ಬೇಟೆಯ ಪರವಾನಗಿ ರದ್ದಾಯಿತು. ಪಾಠಕ್ಕೆ ಬೇರೆಯವರನ್ನು ನೋಡಿಕೊಳ್ಳಿ ಎಂದು ಪಾದ್ರಿಗೆ ಅವನೇ ಹೇಳಿಬಂದ. ಪಾದ್ರಿ ಬೇಡವೆನ್ನಲಿಲ್ಲ.

ಮುಂದಿನ ವಾರ ಗೋಡೆ ಮುಚ್ಚಲು ಸಾಮಾನು ಹೊತ್ತುಕೊಂಡು ಹೋದ. ಮರ್ಲ್ ದೀಪ ಹಿಡಿದು ನಿಂತ. ಐಲೀನ್ ಅಡುಗೆಮನೆಯ ಬಾಗಿಲು ಹಾಕಿಕೊಂಡಳು. ತೇಪೆಯ ಬಣ್ಣ ಹಳೆಯದಕ್ಕೆ ಹೊಂದಲಿಲ್ಲ.

"ನಾಳೆ ಬೇರೆ ಬಣ್ಣ ತರ್ತೀನಿ" ಎಂದ.

"ಬೇಡ ಬಿಡು" ಎಂದ ಮರ್ಲ್. "ಅವಳಿಗೆ ನೀನಿಲ್ಲಿಗೆ ಬರೋದು ಇಷ್ಟ ಇಲ್ಲ."

ವರ್ನನ್ ಸಾಮಾನು ಎತ್ತಿಕೊಂಡು ಹೊರಬಿದ್ದ. ದಿಣ್ಣೆ ಹತ್ತಿದರೆ ಅವನ ಮನೆ ಹತ್ತಿರವಾಗುತ್ತಿತ್ತು. ಅವನು ರಸ್ತೆ ಹಿಡಿದು ಸುತ್ತಿಕೊಂಡೇ ಹೋದ.