ಚೈನಾ ಮಾಲು

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದಂತೆ. ಆಡದಿದ್ದರೆ ನನ್ನ ಹೊಟ್ಟೆಯ ಬೆಂಕಿ ಆರುವುದಿಲ್ಲ, ಹಾಗಾಗಿ ಆಡುತ್ತೇನೆ.

ನನ್ನ ಗಂಡ ಲಿಯೊನೆಲ್‌ದು ಈ ಅರಬ್ ದೇಶದ ಅಲ್ ಕೂಜ್‌ನಲ್ಲಿ ಗಾಡಿ ಸ್ಪೇರ್ ಪಾರ್ಟ್ಸ್ ಅಂಗಡಿ. ಗಿರಾಕಿ ಬಂದರೆ ಇವರ ಮೊದಲ ಮಾತೇ, ಒರಿಜಿನಲ್ ಬೇಕಾ, ಚೈನಾ ಸಾಕಾ ಅಂತ. ಚೈನಾ ಅಂದರೆ ಅಗ್ಗ, ಗ್ಯಾರಂಟಿ ಇಲ್ಲ, ಕೆಟ್ಟರೆ ವಾಪಸ್ ತರಬೇಡ. ಆ ಮಾತನ್ನು ಮನೆಗೂ ತಂದರು. ಸ್ವಂತ ಮಗಳಿಗೆ ಚೈನಾ ಮಾಲು ಅಂತ ಹೆಸರಿಟ್ಟರು.

ವೆಲಿಟಾ ಡಾಕ್ಟರ್ ಓದಲಿಕ್ಕೆ ಚೀನಾಕ್ಕೆ ಹೋದದ್ದು ಇವರದ್ದೇ ಹಟದಿಂದ. ಹುಡುಗಿ ಆ ಭಾಷೆ ಕಲಿತಳು, ಹೆಣ ಕೊಯ್ದಳು, ಚಳಿಗೆ ಬೆರಳು ಒಡೆಸಿಕೊಂಡಳು. ಅಷ್ಟರಲ್ಲಿ ಕೊರೊನಾ ಬಂತು, ಮನೆಗೆ ಬಂದಳು. ನಾವಿರುವುದು ಇಂಟರ್‌ನ್ಯಾಷನಲ್ ಸಿಟಿ ಬಡಾವಣೆಯ ಚೈನಾ ಕ್ಲಸ್ಟರ್‌ನಲ್ಲಿ. ಅಲ್ಲೇ ಅಡುಗೆಮನೆ ಪಕ್ಕ ಲ್ಯಾಪ್‌ಟಾಪ್ ಇಟ್ಟುಕೊಂಡು ಕ್ಲಾಸು ಕೇಳುತ್ತಿದ್ದಳು. ನೋಡಿ, ವಿಮಾನ ಹತ್ತದೆ ಚೈನಾದಲ್ಲಿ ಓದುತ್ತಾಳೆ ಎಂದು ಇವರು ಬಂದವರಿಗೆಲ್ಲ ಹೇಳಿ ನಗುವುದು. ಕೊನೆಗೆ ಮತ್ತೆ ಹೋಗಿ, ಅಲ್ಲಿಯ ಆಸ್ಪತ್ರೆಯಲ್ಲಿ ದುಡಿದು, ಡಿಗ್ರಿ ತಂದಳು. ಅರ್ಧ ಓದು ಆನ್‌ಲೈನ್ ಎಂದು ಊರಿನಲ್ಲಿ ಒಪ್ಪಲಿಲ್ಲ, ಇಲ್ಲಿಯ ಲೈಸೆನ್ಸೂ ಆಗಲಿಲ್ಲ. ಒಂದು ಕ್ಲಿನಿಕ್ಕಿನ ರಿಸೆಪ್ಷನ್‌ನಲ್ಲಿ ಕೂತಳು. ಅವಳ ಚೀನೀ ಭಾಷೆಗೆ ಅಪ್ಪ ಕಂಡುಕೊಂಡ ಉಪಯೋಗ ಒಂದೇ, ಚೀನೀಯರ ಅಂಗಡಿಗಳಿರುವ ಡ್ರ್ಯಾಗನ್ ಮಾರ್ಟ್‌ಗೆ ಕರೆದುಕೊಂಡು ಹೋಗಿ ಬ್ರೇಕ್ ಪ್ಯಾಡಿಗೆ ಚೌಕಾಸಿ ಮಾಡಿಸುವುದು.

ಆ ಭಾನುವಾರ ಇವರ ಗೆಳೆಯ ಮೊರಿಸ್ ಊಟಕ್ಕೆ ಬಂದಿದ್ದರು. ಸನ್ನ, ಹಂದಿ ಮಾಂಸ ಮಾಡಿದ್ದೆ. ತಟ್ಟೆ ಖಾಲಿಯಾಗುವಾಗ ಇವರು ಎದೆ ಉಜ್ಜಿಕೊಂಡರು. ಏಸಿ ಓಡುತ್ತಿದೆ, ಹಣೆ ತುಂಬ ಬೆವರು. ವೆಲಿಟಾ ಉಣ್ಣುವುದನ್ನು ಬಿಟ್ಟು ಎದ್ದು ಬಂದು ನಾಡಿ ಹಿಡಿದಳು, ಎಡಗೈ ನೋಯುತ್ತದಾ ಎಂದು ಕೇಳಿದಳು. ಸ್ವಲ್ಪ ಅಂದರು.

“ಪಪ್ಪಾ, ಇದು ಗ್ಯಾಸ್ ಅಲ್ಲ, ಹಾರ್ಟು. ಈಗಲೇ ಆಸ್ಪತ್ರೆಗೆ ಹೋಗುವ.”

“ಗ್ಯಾರಂಟಿ ಉಂಟಾ?”

ಉಂಟು ಅಂದುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಅವಳು ಸತ್ಯ ಹೇಳಿದಳು, ದರಿದ್ರದ ಸತ್ಯ.

“ಇಸಿಜಿ ತೆಗೆಯದೆ ಗ್ಯಾರಂಟಿ ಹೇಳಲಿಕ್ಕೆ ಆಗುವುದಿಲ್ಲ.”

ಮೊರಿಸ್ ಮೇಜು ಬಡಿದು ನಕ್ಕರು. ಚೈನಾ ಮಾಲಿಗೆ ಎಲ್ಲಿಯ ಗ್ಯಾರಂಟಿ ಮಾರಾಯ್ತಿ ಎಂದರು. ಇವರೂ ಬೆವರು ಒರೆಸಿಕೊಂಡು ನಕ್ಕರು, ನಾಳೆ ಒಳ್ಳೆ ಡಾಕ್ಟರಿಗೆ ತೋರಿಸುತ್ತೇನೆ ಅಂದರು. ಹಿತ್ತಲ ಗಿಡ ಮದ್ದಲ್ಲ ನೋಡಿ. ವೆಲಿಟಾ ಒಳಗೆ ಹೋಗಿ ಆಂಬುಲೆನ್ಸಿಗೆ ಫೋನ್ ಮಾಡಿದಳು. ಅವರು ಬಂದರೆ ಈ ಮನುಷ್ಯ ಬಾಗಿಲಲ್ಲೇ ನಿಂತು, ಮಾಫಿ ಮುಶ್ಕಿಲ್, ಏನೂ ತೊಂದರೆ ಇಲ್ಲ, ಮಗಳಿಗೆ ಸ್ವಲ್ಪ ಹೆದರಿಕೆ ಜಾಸ್ತಿ ಎಂದು, ಮೈ ಮುಟ್ಟಲೂ ಬಿಡದೆ, ಬೇಡವೆಂದು ಸಹಿ ಹಾಕಿ ಕಳಿಸಿದರು. ನಾನೂ ಅವಳೂ ಕಾಲು ಹಿಡಿಯುವುದೊಂದು ಬಾಕಿ. ನನ್ನ ಮರ್ಯಾದೆ ಬೀದಿಗೆ ತಂದೆ ಎಂದು ಅವಳಿಗೆ ಬೈದು, ಮೊರಿಸ್ ಜೊತೆ ಇಸ್ಪೀಟಿಗೆ ಕೂತರು.

ಆಟ ಮುಗಿಯಲಿಲ್ಲ. ಎಲೆ ಕೈಯಲ್ಲಿದ್ದ ಹಾಗೇ ಮಗ್ಗುಲಿಗೆ ವಾಲಿದರು.

ವೆಲಿಟಾ ಅವರನ್ನು ನೆಲಕ್ಕೆ ಮಲಗಿಸಿ ಎದೆ ಒತ್ತಿದಳು. ಪಕ್ಕೆಲುಬು ಲಟಕ್ಕೆಂದದ್ದು ನನಗೆ ಕೇಳಿಸಿತು. ಮೊರಿಸ್ ಗೋಡೆಗೆ ಒರಗಿಕೊಂಡು, ಲೈಸೆನ್ಸ್ ಇಲ್ಲದವಳು, ಮುಟ್ಟಬೇಡ ಅನ್ನಿ ಎಂದು ನನಗೆ ಹೇಳುತ್ತಿದ್ದರು. ಅದೇ ಆಂಬುಲೆನ್ಸ್ ಮತ್ತೆ ಬರುವವರೆಗೆ ಅವಳು ಕೈ ತೆಗೆಯಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು, ಮೊದಲ ಸಲವೇ ಬಂದಿದ್ದರೆ ಉಳಿಯುತ್ತಿದ್ದರೇನೋ ಎಂದರು.

ಪ್ರಾರ್ಥನೆಯ ದಿನ ಮನೆ ತುಂಬ ಜನ. ಮೊರಿಸ್ ಎಲ್ಲರ ಮಧ್ಯೆ ಕೂತು, ಮನೆಯಲ್ಲೇ ಡಾಕ್ಟರ್ ಇದ್ದೂ ಹೀಗಾಯಿತಲ್ಲ ಎಂದು ನಿಟ್ಟುಸಿರು ಬಿಟ್ಟರು. ಜನ ತಲೆ ಆಡಿಸಿದರು. ಅಪ್ಪ ಸತ್ತ ಮೇಲೆ ನನ್ನ ಮಗಳು ಡಾಕ್ಟರಾದಳು. ಆ ಮೊರಿಸರ ನಾಲಿಗೆಗೆ ಹುಳ ಬೀಳಲಿ ಎಂದು ಶಿಲುಬೆಯ ಎದುರೇ ಶಪಿಸಿದೆ.

ವೆಲಿಟಾ ಚಾ ತಂದಾಗ ಮೊರಿಸ್ ಅವಳನ್ನು ಹತ್ತಿರ ಕರೆದು ಸ್ವರ ತಗ್ಗಿಸಿದರು. ಅಂದಿನಿಂದ ತನಗೂ ಎದೆಯಲ್ಲಿ ಹಿಡಿದ ಹಾಗೆ ಆಗುತ್ತಿದೆ ಎಂದರು. ಕೈ ಎದೆಯ ಮೇಲೆಯೇ ಇತ್ತು.

“ಬರೀ ಗ್ಯಾಸ್ ಅಲ್ಲವಾ, ಮಗಾ?”

ಅವಳು ಅವರ ಹಣೆ ನೋಡಿದಳು, ತುಟಿಯ ಬಣ್ಣ ನೋಡಿದಳು. ನಾಡಿ ಮುಟ್ಟಲಿಲ್ಲ. ಅಪ್ಪ ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

“ಗ್ಯಾರಂಟಿ ಇಲ್ಲ, ಅಂಕಲ್” ಎಂದು ಟ್ರೇ ಹಿಡಿದು ಪಕ್ಕದವರ ಹತ್ತಿರ ಹೋದಳು.

ಮೊರಿಸ್ ನನ್ನ ಕಡೆ ತಿರುಗಿದರು. ಸಕ್ಕರೆ ಸಾಕಾ ಎಂದು ಕೇಳಿದೆ.