ಅಡುಗೆಮನೆಯಿಂದ ಬಂದ ಕಮೆಂಟು

ಫೋರ್ಮನ್ನರಿಗೆ ಕಿವಿ ಕೇಳಿಸುವುದಿಲ್ಲ ಎಂಬುದು ಇಡೀ ಬೀದಿಗೆ ಗೊತ್ತಿತ್ತು, ಫೋರ್ಮನ್ನರೊಬ್ಬರನ್ನು ಬಿಟ್ಟು. ಅವರಿಗೂ ಗೊತ್ತಿತ್ತು ಅನ್ನಿ, ಆದರೆ ಒಪ್ಪಿಕೊಳ್ಳುವ ಜಾಯಮಾನ ಅವರದಲ್ಲ. ಮೂವತ್ತಾರು ವರ್ಷ ಕಾರ್ಖಾನೆಯಲ್ಲಿ ಕಬ್ಬಿಣ ಕಡೆಯುವ ಲೇತ್ ಮಷೀನುಗಳ ಗದ್ದಲದಲ್ಲಿ ನಿಂತು ಕೂಗಾಡಿದ ಮನುಷ್ಯ, ಕಿವಿ ಹೋಗದೆ ಇನ್ನೇನಾದೀತು? ನಿವೃತ್ತರಾಗಿ ಮನೆಯಲ್ಲಿ ಕೂತ ಮೇಲೆ ಅವರೊಂದು ಉಪಾಯ ಕಂಡುಕೊಂಡಿದ್ದರು. ಯಾರೇನು ಹೇಳಿದರೂ "ಹೂಂ ಹೂಂ, ಹಾಗೇ ಮಾಡಿ" ಎಂದು ಎದ್ದುಬಿಡುವುದು. ತಾವೇ ಏನಾದರೂ ಕೇಳಿದರೆ, ಉತ್ತರ ಬರುವ ಮೊದಲೇ ಬಾಗಿಲು ದಾಟಿರುವುದು.

ಇದರ ಪೆಟ್ಟೆಲ್ಲ ಬಿದ್ದದ್ದು ಅವರ ಹೆಂಡತಿಗೆ. ಆಕೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಬೀದಿಯವರು ಈಗಲೂ ಆಪರೇಟರಮ್ಮ ಎಂದೇ ಕರೆಯುವುದು. ಊರವರ ಮಾತನ್ನೆಲ್ಲ ಊರವರಿಗೆ ಮುಟ್ಟಿಸಿದವಳಿಗೆ ತನ್ನ ಮಾತು ಒಂದು ಗೋಡೆಯಾಚೆಗೆ ಮುಟ್ಟದೆ ಹೋದರೆ ಹೇಗಾಗಿರಬೇಡ! ಚೀಟಿ ಬರೆದಿಟ್ಟು ನೋಡಿದಳು. "ನಾನೇನು ಕಿವುಡನಾ, ಚೀಟಿ ಬರೆದಿಡೋಕೆ?" ಎಂದು ಫೋರ್ಮನ್ನರು ಎರಡು ದಿನ ಮುಖ ಊದಿಸಿಕೊಂಡು ಕೂತರು. ಕಿವಿ ಡಾಕ್ಟರ ಸುದ್ದಿ ಎತ್ತಿದರಂತೂ ಮುಗಿಯಿತು, ಆ ದಿನ ಊಟದ ತಟ್ಟೆಯ ಮುಂದೂ ಮೌನ.

ಫೋರ್ಮನ್ನರು ಮನಸಾರೆ ಮಾತಾಡುತ್ತಿದ್ದದ್ದು ಒಂದೇ ಕಡೆ, ತಮ್ಮ ಬ್ಲಾಗಿನಲ್ಲಿ. ಬೇರೆ ಊರಿನಲ್ಲಿ ಲೈಬ್ರರಿ ನೋಡಿಕೊಳ್ಳುವ ಮಗಳು ಅದನ್ನು ಮಾಡಿಕೊಟ್ಟಿದ್ದಳು. ಲೇತ್ ಕೆಲಸದ ಮೇಲೆ ಅರವತ್ತಮೂರು ಪುಟ ಬರೆದಿದ್ದರು. ಮಷೀನಿನ ಚಕ್ಕಿಗೆ ಕಬ್ಬಿಣದ ತುಂಡು ಕಚ್ಚಿಸುವುದು ಹೇಗೆ, ಬೋಲ್ಟಿಗೆ ಥ್ರೆಡ್ ಕಟಿಂಗ್ ಮಾಡುವಾಗ ಯಾವ ಕತ್ತೆ ಅವಸರ ಮಾಡುತ್ತಾನೆ, ಇಂಥವೆಲ್ಲ. ಅವರ ಕೈಕೆಳಗೆ ಲೇತ್ ನಡೆಸಿದ ಟರ್ನರುಗಳು, ಕೆಲಸ ಕಲಿಯುವವರು, ನೂರಾರು ಜನ ಓದುತ್ತಿದ್ದರು. ಓದಿದವರು ತಿರುಗಿ ಏನಾದರೂ ಹೇಳೋಣವೆಂದರೆ ಮಾತ್ರ ಜಾಗವಿರಲಿಲ್ಲ. "ಅವರು ಹೇಳೋಕೆ ಏನಿದೆ? ಅರ್ಥ ಆಗದಿದ್ರೆ ಇನ್ನೊಂದ್ ಸಲ ಓದ್ಲಿ" ಎಂಬುದು ಫೋರ್ಮನ್ನರ ಅಪ್ಪಣೆ.

ಆಪರೇಟರಮ್ಮನ ತಲೆಗೆ ಹೊಳೆದದ್ದು ಇಷ್ಟು: ಬ್ಲಾಗಿನಲ್ಲಿ ಮಾತೆಂದರೆ ಬರೆಯುವುದು, ಕೇಳುವುದೆಂದರೆ ಓದುವುದು. ಅಲ್ಲಿ ಯಾರೂ ಕಿವುಡರಲ್ಲ. ಅಲ್ಲಿ ನಾಲ್ಕು ಜನ ಇವರೊಡನೆ ಮಾತಾಡಿದರೆ, ಇವರು ತಿರುಗಿ ಉತ್ತರ ಕೊಡುವುದನ್ನು ಕಲಿತರೆ, ಆಮೇಲೆ ಮನೆಯೊಳಗೂ ಒಂದು ದಾರಿ ತೆರೆದೀತು. ಓದಿದವರು ಬರೆಯಲು ಜಾಗ ಮಾಡುವುದು ಹೇಗೆಂದು ಮಗಳಿಗೆ ಫೋನ್ ಮಾಡಿ ಕೇಳಿದಳು.

"ಅಮ್ಮಾ, ಅದಕ್ಕೆ ಬೇರೆ ಕಂಪನಿಯವರ ರೆಡಿ ಕಮೆಂಟ್ ಪೆಟ್ಟಿಗೆ ಸಿಗುತ್ತೆ. ಅವರಲ್ಲಿ ಅಕೌಂಟ್ ತೆಗೆದು, ಅವರು ಕೊಡೋ ಕೋಡನ್ನ ನಮ್ಮ ಪುಟದ ಕೆಳಗೆ ಅಂಟಿಸಿದ್ರೆ ಆಯ್ತು. ಭಾನುವಾರ ನಾನೇ ಮಾಡಿಕೊಡ್ತೀನಿ."

"ಭಾನುವಾರದ ತನಕ ಯಾರೇ ಕಾಯ್ತಾರೆ? ಇನ್ನೂರು ಲೈನಿನ ಟೆಲಿಫೋನ್ ಬೋರ್ಡ್ ನೋಡಿಕೊಂಡವಳು ನಾನು. ನಿನ್ನ ಪೆಟ್ಟಿಗೆ ಯಾವ ಲೆಕ್ಕ!" ಎಂದು ಫೋನಿಟ್ಟಳು. ಜಂಬ ನೋಡಿ ಆಕೆಯದು.

ಸೋಮವಾರ ಬೆಳಿಗ್ಗೆ ಕನ್ನಡಕ ಏರಿಸಿ ಕಂಪ್ಯೂಟರ್ ಮುಂದೆ ಕೂತಳು. ಫೋರ್ಮನ್ನರು ಬಂದು ಇಣುಕಿ, "ಏನ್ ಮಾಡ್ತಿದೀಯ ಅದರಲ್ಲಿ?" ಎಂದರು.

"ನಿಮ್ಮ ಬ್ಲಾಗಿಗೆ ಕಮೆಂಟ್ ಪೆಟ್ಟಿಗೆ ಹಾಕ್ತಿದೀನಿ."

"ಹೂಂ ಹೂಂ, ಹಾಗೇ ಮಾಡು" ಎಂದು ಹೊರಟೇಬಿಟ್ಟರು. ಕಳ್ಳತನದಿಂದ ಮಾಡಿದಳು ಎಂದು ನಾಳೆ ಯಾರೂ ಬೆರಳು ತೋರಿಸುವಂತಿಲ್ಲ.

ಅಕೌಂಟ್ ತೆರೆದಳು. ಕೋಡು ಬಂತು. ನಡುವೆ ಒಂದು ಸಾಲಿನಲ್ಲಿ 'ಇಲ್ಲಿ ಪುಟದ ಗುರುತು ಬರೆಯಿರಿ' ಎಂದಿತ್ತು. ಫೋರ್ಮನ್ನರು ಎಲ್ಲಕ್ಕಿಂತ ಮೊದಲು ಬರೆದ ಪುಟ ಮಷೀನಿಗೆ ಹಾಕುವ ಎಣ್ಣೆ ಡಬ್ಬಿಯ ಕುರಿತದ್ದು, ಅಲ್ಲಿಗೆ 'ಎಣ್ಣೆ ಡಬ್ಬಿ' ಎಂದು ಬರೆದು ಅಂಟಿಸಿದಳು. ಪೆಟ್ಟಿಗೆ ಬಂದು ಕೂತಿತು. ಸರಿ, ಅದನ್ನೇ ಕಾಪಿ ಮಾಡಿ ಉಳಿದ ಅರವತ್ತೆರಡಕ್ಕೂ ಅಂಟಿಸುತ್ತಾ ಹೋದಳು. ಬೆನ್ನು ಹಿಡಿದುಕೊಂಡಿತು. ಮಧ್ಯಾಹ್ನದ ಹೊತ್ತಿಗೆ ಮುಗಿಯಿತು.

ಕೆಲಸ ಮಾಡುತ್ತದೋ ಇಲ್ಲವೋ ನೋಡಬೇಕಲ್ಲ? ಎಣ್ಣೆ ಡಬ್ಬಿಯ ಪುಟವನ್ನು ಆರು ತಿಂಗಳಿಂದ ಯಾರೂ ತೆರೆದಿರಲಿಲ್ಲ, ಅಲ್ಲೇ ಪರೀಕ್ಷೆ ಮಾಡಿದಳು. ಹೆಸರಿನ ಜಾಗದಲ್ಲಿ 'ಅಡುಗೆಮನೆಯಿಂದ' ಎಂದು ಬರೆದಳು. ಕೆಳಗೆ 'ಹಲೋ, ಹಲೋ' ಎಂದಷ್ಟೇ ಬರೆಯಲು ಹೋದವಳು ನಿಲ್ಲಿಸಲಾರದೆ ಬರೆದಳು:

'ಹಲೋ, ಹಲೋ. ರೀ, ನಾನು ಹೇಳೋದು ನಿಮಗೆ ಕೇಳಿಸ್ತಾ ಇಲ್ಲ ಅಂತ ನನಗೆ ಗೊತ್ತು. ಕಿವಿ ಹೋದ್ರೆ ಹೋಗ್ಲಿ, ಅದಕ್ಕೆ ಯಾಕೆ ನಾಚಿಕೆ? ಎರಡು ವರ್ಷದಿಂದ ಗೋಡೆ ಜೊತೆ ಮಾತಾಡ್ತಿದೀನಿ. ನಿಮ್ಮ ಜೊತೆ ಒಂದು ಜಗಳ ಆಡೋಕೂ ಗತಿಯಿಲ್ಲ. ನೀವು ಮನೇಲಿದ್ರೂ ನಂಗೆ ಒಂಟಿ ಅನ್ನಿಸುತ್ತೆ.'

ಗುಂಡಿ ಒತ್ತಿದಳು. ಎದೆ ಹಗುರಾಯಿತು. ಅಳಿಸುವುದು ಹೇಗೆಂದು ಹುಡುಕಿದಳು, ತಿಳಿಯಲಿಲ್ಲ. ಇರಲಿ, ಆ ಎಣ್ಣೆ ಡಬ್ಬಿ ಯಾರಿಗೆ ಬೇಕು ಎಂದು ಎದ್ದು ಹೋಗಿ ಪಾತ್ರೆ ತೊಳೆದಳು.

ಮರುದಿನ ಹತ್ತು ಗಂಟೆಗೆ ಮಗಳ ಫೋನು. "ಅಮ್ಮಾ! ಏನು ಮಾಡಿಟ್ಟಿದೀಯ? ಥ್ರೆಡ್ ಕಟಿಂಗ್ ಪುಟದ ಕೆಳಗೆ ನಿನ್ನ ಕಾಗದ ಇದೆ. ಚಕ್ಕಿನ ಪುಟದಲ್ಲೂ ಅದೇ. ಅರವತ್ತಮೂರರಲ್ಲೂ ಅದೇ! ಪ್ರತಿ ಪುಟಕ್ಕೂ ಬೇರೆ ಬೇರೆ ಗುರುತು ಕೊಡಬೇಕಮ್ಮಾ. ನೀನು ಒಂದನ್ನೇ ಎಲ್ಲದಕ್ಕೂ ಕೊಟ್ಟಿದೀಯ, ಅದಕ್ಕೇ ಒಂದು ಕಡೆ ಬರೆದದ್ದು ಎಲ್ಲಾ ಕಡೆ ಕಾಣ್ತಿದೆ."

ಅಷ್ಟು ವರ್ಷದ ನೌಕರಿಯಲ್ಲಿ ಒಬ್ಬರ ಮಾತನ್ನು ತಪ್ಪಿಯೂ ಬೇರೆಯವರ ಕಿವಿಗೆ ಬೀಳಿಸಿದವಳಲ್ಲ ಆಪರೇಟರಮ್ಮ. ಈಗ ಸ್ವಂತ ಮನೆಯ ಮಾತನ್ನು ಎಲ್ಲ ಲೈನಿಗೂ ಸೇರಿಸಿ ಕೂತಿದ್ದಳು. ಯಾರ ಮುಂದೆ ಫೋರ್ಮನ್ನರು ಹುಲಿಯಾಗಿದ್ದರೋ ಆ ಟರ್ನರುಗಳ ಮುಂದೆಯೇ ಅವರ ಕಿವಿಯ ಗುಟ್ಟು ಹರಾಜಾಗಿತ್ತು. ಇನ್ನು ಈ ಮನುಷ್ಯ ನನ್ನ ಮುಖವನ್ನೂ ನೋಡುವುದಿಲ್ಲ, ಇದ್ದ ಹೂಂ ಹೂಂ ಕೂಡ ಹೋಯಿತು ಎಂದುಕೊಂಡಳು.

"ಅಳಿಸೇ, ನಿನಗೆ ಕೈ ಮುಗೀತೀನಿ!"

"ಐದು ನಿಮಿಷ ಕೊಡು. ಅಪ್ಪ ನೋಡಿಲ್ಲ ತಾನೇ?"

ಆಪರೇಟರಮ್ಮ ಫೋನು ಹಿಡಿದೇ ಒಳಗೆ ಇಣುಕಿದಳು. ಫೋರ್ಮನ್ನರು ಕಂಪ್ಯೂಟರಿಗೆ ಮೂಗು ತಗುಲಿಸಿಕೊಂಡು ಕೂತಿದ್ದರು. ಆಕೆ ಅವರ ಬೆನ್ನ ಹಿಂದೆ ಹೋಗಿ ನಿಂತಳು. ಅವರಿಗೆ ಹೆಜ್ಜೆಯ ಸದ್ದು ಕೇಳಿಸಲಿಲ್ಲ. ಪರದೆಯ ಮೇಲೆ ಆಕೆಯ ಕಾಗದ, ಅದರ ಕೆಳಗೆ ಸಾಲು ಸಾಲಾಗಿ ಉತ್ತರಗಳು.

'ಫೋರ್ಮನ್ ಸಾರ್, ನನ್ನ ಬಲಗಿವಿ ಹೋಗಿ ನಾಲ್ಕು ವರ್ಷ ಆಯ್ತು. ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ. ನೀವು ಬೈತೀರಿ ಅಂತ ನಿಮ್ಮ ಹತ್ರಾನೂ ಬರಲಿಲ್ಲ.'

'ಅಡುಗೆಮನೆ ಅಕ್ಕಾ, ನಮ್ಮನೇಲೂ ಇದೇ ಕಥೆ. ಇವರು ಲೇತ್ ಮುಂದೆ ಇಪ್ಪತ್ತು ವರ್ಷ. ಹೇಳಿ ಹೇಳಿ ನನ್ನ ಗಂಟಲು ಹರಿದುಹೋಗಿದೆ.'

'ಸಾರ್, ನಾನು ಕಿವಿಗೆ ಮಷೀನ್ ಹಾಕಿಸಿಕೊಂಡೆ. ಮೊದಲ ವಾರ ಚಮಚ ಬಿದ್ರೂ ಮೈ ನಡುಗ್ತಿತ್ತು. ಈಗ ಮೊಮ್ಮಗಳು ಹೇಳೋ ಕಥೆ ಪೂರ್ತಿ ಕೇಳಿಸುತ್ತೆ. ಒಂದೇ ಕಥೆ, ದಿನಾ ಹೇಳ್ತಾಳೆ.'

'ಇದು ಥ್ರೆಡ್ ಕಟಿಂಗ್ ಪುಟಾನೋ, ಗಂಡ ಹೆಂಡ್ತಿ ಪುಟಾನೋ? ಅದಿರ್ಲಿ, ಸಾರ್, ಅಕ್ಕ ಹೇಳಿದ ಹಾಗೆ ಕೇಳಿ.'

ಫೋರ್ಮನ್ನರು ಬೈಯಲಿಲ್ಲ. ಬೇರೆ ನಾಲ್ಕು ಪುಟ ತೆರೆದು ನೋಡಿದರು, ಎಲ್ಲದರಲ್ಲೂ ಅದೇ. ಮೌಸನ್ನು ಮೇಲೆ ಎಳೆದರು, ಬಲಗಿವಿಯವನ ಸಾಲನ್ನು ಮತ್ತೆ ಓದಿದರು. ಆಮೇಲೆ ಇನ್ನೂ ಮೇಲೆ ಹೋಗಿ, 'ಒಂಟಿ' ಎಂಬ ಪದದ ಮೇಲೆ ಬೆರಳಿಟ್ಟರು. ಆಪರೇಟರಮ್ಮನಿಗೆ ಅಳು ತಡೆಯಲಾಗಲಿಲ್ಲ. ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದಳು.

ಸ್ವಲ್ಪ ಹೊತ್ತಿಗೆ ಅವರು ಬಂದರು. ನಲ್ಲಿ ನಿಲ್ಲಿಸಿದರು. ಫ್ಯಾನೂ ಆರಿಸಿದರು. ಸ್ಟೂಲೊಂದನ್ನು ಎಳೆದುಕೊಂಡು, ಆಕೆಯ ಬಾಯಿ ಕಾಣುವ ಹಾಗೆ ಎದುರಿಗೆ ಕೂತರು.

"ತಪ್ಪಾಯ್ತು ಕಣ್ರೀ. ನಿಮ್ಮ ಮರ್ಯಾದೆ ತೆಗೆದುಬಿಟ್ಟೆ. ಮಗಳು ಈಗಲೇ ಅಳಿಸ್ತಾಳೆ" ಎಂದಳು ಆಕೆ.

ಫೋರ್ಮನ್ನರ ಕಿವಿಯ ತುದಿ ಕೆಂಪಾಯಿತು. "ಏನಂದೆ? ಕೇಳಿಸಲಿಲ್ಲ."

ಎರಡು ವರ್ಷದಲ್ಲಿ ಆ ಮನುಷ್ಯ ಆ ಮಾತು ಹೇಳಿದ್ದು ಅದೇ ಮೊದಲು. ಆಪರೇಟರಮ್ಮ ಕಣ್ಣು ಒರೆಸಿಕೊಂಡು ಬಿಡಿಸಿ ಬಿಡಿಸಿ ಹೇಳಿದಳು.

"ಮರ್ಯಾದೆ ಮನೆ ಹಾಳಾಗ್ಲಿ" ಎಂದರು ಅವರು. "ಒಂದು ಪೀಸ್ ಸರಿಬಂತಾ ನೋಡ್ದೆ ಅರವತ್ತೆರಡು ಪೀಸ್ ಹೊಡೆದಿದೀಯಲ್ಲ, ನನ್ನ ವರ್ಕ್‌ಶಾಪಲ್ಲಿದ್ದಿದ್ರೆ ಆವತ್ತೇ ಮನೆಗೆ ಕಳಿಸ್ತಿದ್ದೆ."

"ಹೌದಾ? ಮೊದಲನೇ ಪೀಸು ಸರಿಯಾಗೇ ಇತ್ತು! ಹೇಳಿಕೊಡೋಕೆ ಮನೇಲಿ ಯಾರಿದ್ರು? ನೀವು ಬಾಗಿಲು ದಾಟಿ ಆಗಿತ್ತು!"

"ಏನು?"

"ಬಾಗಿಲು ದಾಟಿದ್ರಿ ಅಂದೆ!"

"ಹೂಂ, ದಾಟಿದ್ದೆ" ಎಂದು ಒಪ್ಪಿಕೊಂಡರು. "ಮಗಳಿಗೆ ಹೇಳು, ಅಳಿಸೋದು ಬೇಡ. ಆ ಬಲಗಿವಿಯವನಿಗೆ ನಾನು ಉತ್ತರ ಬರೀಬೇಕು. ಪೆದ್ದ, ನಾಲ್ಕು ವರ್ಷ ಸುಮ್ಮನಿದ್ದಾನೆ." ಆಮೇಲೆ ನೆಲ ನೋಡುತ್ತಾ ಕೇಳಿದರು, "ಆ ಕಿವಿ ಡಾಕ್ಟ್ರು ಯಾವತ್ತು ಸಿಗ್ತಾರೆ?"

"ಗುರುವಾರ."

ಅವರು ತಲೆಯೆತ್ತಿ ಆಕೆಯ ಮುಖ ನೋಡಿದರು. "ಏನು?"

"ಗುರುವಾರ!" ಎಂದು ಆಪರೇಟರಮ್ಮ ಬೀದಿಗೆಲ್ಲ ಕೇಳಿಸುವಂತೆ ಕೂಗಿದಳು.