ಎಂಟು ಮೂರು, ಕೊನೆಗೊಂದು ಒಂದು

31 ಅವಿಭಾಜ್ಯ ಸಂಖ್ಯೆ. ಒಂದು ಮತ್ತು ತನ್ನನ್ನು ಬಿಟ್ಟರೆ ಬೇರಾವುದರಿಂದಲೂ ಅದು ಶೇಷವಿಲ್ಲದೆ ಭಾಗವಾಗುವುದಿಲ್ಲ. 331 ಕೂಡ ಹಾಗೆಯೇ, 3331 ಕೂಡ. ಕುರಾಯೋಶಿ ಊರಿನ ಶಾಲೆಯಲ್ಲಿ ಮೂವತ್ತಾರು ವರ್ಷ ಗಣಿತ ಕಲಿಸಿ ನಿವೃತ್ತನಾದ ನಾನು ಮುಂದೆ ಒಂದೊಂದೇ ಮೂರು ಸೇರಿಸುತ್ತ 33333331ರವರೆಗೆ ಬಂದೆ. ಆ ಕೊನೆಯದೊಂದಕ್ಕೇ ಏಳುನೂರಕ್ಕೂ ಹೆಚ್ಚು ಭಾಗಾಕಾರ, ಎರಡು ಚಳಿಗಾಲ. ಏಳಕ್ಕೆ ಏಳೂ ಅವಿಭಾಜ್ಯ!

ಎಂಟನೆಯದಕ್ಕೆ ಎರಡು ಸಾವಿರ ಭಾಗಾಕಾರ ಬೇಕಿತ್ತು.

"ಅದನ್ನೂ ಒಂದ್ಸಲ ನೋಡಿಬಿಡಿ" ಎಂದಳು ಹೆಂಡತಿ ಮಿತ್ಸುಎ.

"ನಿಯಮ ಸಿಕ್ಕಾಯ್ತು ಕಣೇ. ಲೆಕ್ಕ ಹಾಕ್ತಾ ಕೂರೋಕೆ ನಾನೇನು ಗುಮಾಸ್ತನಾ?"

ಹಿಂದಿನವರು ತಾವು ಬಿಡಿಸಿದ ಲೆಕ್ಕಗಳನ್ನು ದೇವರಿಗೆ ಹಲಗೆಯ ಮೇಲೆ ಬರೆದು ಒಪ್ಪಿಸುತ್ತಿದ್ದರು. ನಾನೂ ಒಂದು ದೇವದಾರು ಹಲಗೆ ಮಾಡಿಸಿ, ಕುಂಚದಲ್ಲಿ ದಪ್ಪಗೆ ಬರೆದೆ: '333333331 ಅವಿಭಾಜ್ಯ. ಮೂರು ಎಷ್ಟೇ ಸೇರಲಿ, ಎಂದೆಂದಿಗೂ ಹೀಗೆಯೇ. ಸುಗಿಮೋರಿ.'

ವಸಂತದ ಒಂದು ಬೆಳಿಗ್ಗೆ ಅದನ್ನು ದೇಗುಲದ ಸೂರಿನಡಿ ತೂಗುಹಾಕಿದರು. ಮೂವತ್ತು ಜನ ಸೇರಿದ್ದರು. ಅರ್ಧ ಜನ ಸಿಹಿ ಕಡುಬಿಗಾಗಿ ಬಂದವರು. ನಾನು ಇಪ್ಪತ್ತು ನಿಮಿಷ ಭಾಷಣ ಬಿಗಿದೆ. ಚಪ್ಪಾಳೆ ನಿಂತಾಗ ಹಿಂದಿನಿಂದ ಒಂದು ದನಿ ಬಂತು.

"ಮೇಷ್ಟ್ರೇ, ಇದು ಹದಿನೇಳರಿಂದ ಭಾಗ ಹೋಗುತ್ತೆ."

ತೋಫು ಅಂಗಡಿಯ ತ್ಸುರುಯೊ. ನನ್ನ ಹಳೆಯ ವಿದ್ಯಾರ್ಥಿನಿ. ಕಾಣದ ಅಬಾಕಸ್ಸಿನ ಮಣಿ ತಳ್ಳುವಂತೆ ಅವಳ ಬೆರಳುಗಳು ಗಾಳಿಯಲ್ಲಿ ಇನ್ನೂ ಆಡುತ್ತಿದ್ದವು.

"ತೋಫು ಕತ್ತರಿಸಿದಷ್ಟು ಸುಲಭ ಅಲ್ಲಮ್ಮ ಇದು" ಎಂದು ನಕ್ಕೆ. ಜನರೂ ನಕ್ಕರು. ಅವಳ ಬಾಯಿ ಮುಚ್ಚಿಸಬೇಕೆಂದು ಕಾಗದ ತೆಗೆದು ಎಲ್ಲರೆದುರೇ ಭಾಗಿಸಿದೆ. ಶೇಷ ಸೊನ್ನೆ. ಕೈತಪ್ಪಿರಬೇಕೆಂದು ಮತ್ತೆ ಭಾಗಿಸಿದೆ. ಮತ್ತೆ ಸೊನ್ನೆ. ಕಿವಿ ಕಾದ ಹಂಚಿನಂತಾಯಿತು.

"ಹದಿನೇಳೇ ಅಂತ ಹೆಂಗೆ ಹೊಳೀತು ನಿನಗೆ?"

"ಹೊಳೆಯೋದೇನು ಬಂತು? ಏಳು ನೋಡ್ದೆ, ಹನ್ನೊಂದು ನೋಡ್ದೆ, ಹದಿಮೂರು ನೋಡ್ದೆ. ಆಗ್ಲಿಲ್ಲ. ಹದಿನೇಳು ಆಯ್ತು. ಇನ್ನೊಂದು ನೋಡಿ ಬಿಟ್ಬಿಡ್ತಿದ್ದೆ, ಅಂಗಡಿ ತೆಗೀಬೇಕಿತ್ತು."

ನಾಲ್ಕೇ ಭಾಗಾಕಾರ! ಎರಡು ಸಾವಿರಕ್ಕೆ ಹೆದರಿದ ಮಹಾಶಯ ನಾಲ್ಕನ್ನೂ ಮಾಡಿರಲಿಲ್ಲ.

ಹಲಗೆ ಇಳಿಸಿಬಿಡಿ ಎಂದು ಅರ್ಚಕರನ್ನು ಬೇಡಿಕೊಂಡೆ.

"ದೇವರಿಗೆ ಕೊಟ್ಟಿದ್ದನ್ನ ವಾಪಸ್ ತಗೊಳ್ಳೋ ಹಾಗಿಲ್ಲ ಮೇಷ್ಟ್ರೇ. ಕೆಳಗಡೆ ಜಾಗ ಇದೆಯಲ್ಲ, ಬರೀರಿ."

ಏಣಿ ಹತ್ತಿ ಬರೆದೆ: '17 × 19607843. ಕಂಡುಹಿಡಿದವರು ತೋಫು ಅಂಗಡಿಯ ತ್ಸುರುಯೊ.' ಕೆಳಗಿಳಿದವನು ಅವಳಿಗೆ ತಲೆಬಾಗಿದೆ. "ನಿನ್ನ ಅಂಕಪಟ್ಟಿಯಲ್ಲಿ 'ಸಂಖ್ಯೆಗಳ ಗಂಧವೇ ಇಲ್ಲ' ಅಂತ ಬರೆದಿದ್ದೆ. ತಪ್ಪಾಯ್ತಮ್ಮ."

"ಅಯ್ಯೋ, ಅದನ್ನ ಓದಿ ತಾನೇ ನಮ್ಮಮ್ಮ ನನ್ನನ್ನ ಅಬಾಕಸ್ ಪಾಠಕ್ಕೆ ಎಳ್ಕೊಂಡು ಹೋಗಿದ್ದು!"

ಮಿತ್ಸುಎ ಮನೆಯವರೆಗೂ ತಡೆದುಕೊಂಡಳು. ಬಾಗಿಲು ಹಾಕಿದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಈಗ ಪ್ರತಿ ಗುರುವಾರ ತೋಫು ಅಂಗಡಿಯ ಹಿಂದಿನ ಕೋಣೆಯಲ್ಲಿ ಅಬಾಕಸ್ ಹಿಡಿದು ಕೂರುತ್ತೇನೆ. ಉತ್ತರ ನನ್ನ ಬಾಯಿಗೆ ಬೆರಳಿಗಿಂತ ಬೇಗ ಬರುತ್ತದೆ, ಹೆಚ್ಚಿನ ಸಲ ತಪ್ಪಾಗಿಯೇ.

"ಊಹೆ ಮಾಡ್ಬೇಡಿ ಮೇಷ್ಟ್ರೇ" ಎಂದು ಗದರುತ್ತಾಳೆ ತ್ಸುರುಯೊ, "ಮಣಿ ತಳ್ಳಿ."